ನೀಲಿ ವೈರಿನ ಜಾಡು

ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರೈಲರ್ ಮನೆಗೂ ಅದನ್ನು ಓಡಿಸುವವರ ಪಾದಕ್ಕೂ ಇರುವ ಸಂಬಂಧ ಒಂದು ನೀಲಿ ವೈರು, ಅಷ್ಟೇ. ಟ್ರಕ್ಕಿನ ಸ್ವಂತ ಬ್ರೇಕಿಗಾದರೆ ಎಣ್ಣೆ ತುಂಬಿದ ಕೊಳವೆಗಳಿವೆ. ಪೆಡಲ್ ಒತ್ತಿದರೆ ಎಣ್ಣೆಯ ಒತ್ತಡ ಚಕ್ರದವರೆಗೂ ಹೋಗುತ್ತದೆ. ಏನಾದರೂ ಸಡಿಲವಾಗಿದ್ದರೆ ಪೆಡಲ್ ಮೆತ್ತಗಾಗಿ ಪಾದಕ್ಕೆ ಸುಳಿವು ಸಿಗುತ್ತದೆ. ಹಿಂದಿನ ಟ್ರೈಲರಿಗೆ ಅಂಥ ಅನುಕೂಲವಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಕೂತ ಅಂಗೈಯಗಲದ ಕಂಟ್ರೋಲರ್ ಡಬ್ಬಿ, ಬ್ರೇಕ್ ಒತ್ತಿದ್ದು ತಿಳಿದ ಕೂಡಲೇ ನೀಲಿ ವೈರಿಗೆ ಕರೆಂಟು ಬಿಡುತ್ತದೆ. ಆ ಕರೆಂಟು ಟ್ರಕ್ಕಿನ ಉದ್ದಕ್ಕೂ ಹರಿದು, ಬಂಪರಿನ ಬಳಿಯ ಏಳು ಪಿನ್ನಿನ ಪ್ಲಗ್ ದಾಟಿ, ಟ್ರೈಲರಿನ ಅಡಿಯಲ್ಲಿ ಸಾಗಿ, ಒಂದೊಂದು ಚಕ್ರದ ಡ್ರಮ್ಮಿನೊಳಗೂ ಇರುವ ವಿದ್ಯುತ್ಕಾಂತವನ್ನು ಮುಟ್ಟಬೇಕು. ಮುಟ್ಟಿತೋ ಇಲ್ಲವೋ, ಪಾದಕ್ಕೆ ಗೊತ್ತಾಗುವುದಿಲ್ಲ.

ನಾವಿರುವುದು ಕೊಲರಾಡೋದ ಡೆನ್ವರ್ ಹೊರವಲಯದಲ್ಲಿ. ನಮ್ಮ ಟ್ರೈಲರ್ ಸಾಮಾನು ತುಂಬಿದಾಗ ಸುಮಾರು 6,000 ಪೌಂಡ್, ಅಂದರೆ 2,700 ಕಿಲೋ ತೂಗುತ್ತದೆ. ಎರಡು ಆ್ಯಕ್ಸಲ್, ನಾಲ್ಕು ಚಕ್ರ. ಊರು ಬಿಟ್ಟು ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದರೆ ಏರುತ್ತ ಏರುತ್ತ ಐಸೆನ್‌ಹೋವರ್ ಸುರಂಗ ಬರುತ್ತದೆ. 1973ರಲ್ಲಿ ಸಂಚಾರಕ್ಕೆ ತೆರೆದ ಈ ಸುರಂಗ ಸಮುದ್ರಮಟ್ಟದಿಂದ 11,158 ಅಡಿ ಎತ್ತರದಲ್ಲಿದೆ. ಆ ಬದಿಗೆ ಹೊರಬಿದ್ದ ಕೂಡಲೇ ಸಿಲ್ವರ್‌ಥಾರ್ನ್ ಊರಿನತ್ತ ರಸ್ತೆ ಇಳಿಯತೊಡಗುತ್ತದೆ, ನೂರು ಅಡಿಗೆ ಏಳು ಅಡಿಯಷ್ಟು. ಬ್ರೇಕು ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದೇ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿ ಮಾಡಿಟ್ಟಿದ್ದಾರೆ. ಅದನ್ನು ನೋಡುತ್ತ ಇಳಿಯುವಾಗ ಹಿಂದಿನ ಭಾರದ ನಡತೆ ಮೈಗೇ ತಿಳಿಯುತ್ತದೆ. ಬ್ರೇಕು ಸರಿಯಿದ್ದರೆ ಟ್ರೈಲರ್ ತನ್ನನ್ನು ತಾನೇ ತಡೆದುಕೊಳ್ಳುತ್ತ ಹಿಂಬಾಲಿಸುತ್ತದೆ. ಇಲ್ಲವಾದರೆ, ಇಳಿಜಾರಿನಲ್ಲಿ ಭಾರದ ಗಾಡಿ ನೊಗವನ್ನು ಎತ್ತಿನ ಕೊಂಬಿನತ್ತ ನೂಕುವ ಹಾಗೆ, ಟ್ರಕ್ಕನ್ನು ಬೆನ್ನಿನಿಂದ ನೂಕುತ್ತದೆ.

ಒಂದು ಶರತ್ಕಾಲದಲ್ಲಿ ಆ ನೂಕು ನಮಗೆ ಸ್ಪಷ್ಟವಾಗಿಯೇ ಕಂಡಿತು. ಪೂರ್ತಿ ಬ್ರೇಕಿಲ್ಲದಂತಿರಲಿಲ್ಲ, ಮೊದಲಿಗಿಂತ ಕಡಿಮೆ, ಅಷ್ಟೇ. ಕಂಟ್ರೋಲರಿನ ಪರದೆ ಮಾತ್ರ ಟ್ರೈಲರ್ ಸಂಪರ್ಕದಲ್ಲಿದೆ ಎಂದು ಹೇಳುತ್ತಲೇ ಇತ್ತು. ಶಾರ್ಟ್ ಆಗಿದೆ ಎಂದಾಗಲಿ, ಓವರ್‌ಲೋಡ್ ಎಂದಾಗಲಿ ಯಾವ ದೂರೂ ಇಲ್ಲ. ದೋಷಗಳಲ್ಲೆಲ್ಲ ನನಗೆ ಹೆಚ್ಚು ಕಳವಳ ತರುವುದು ಇಂಥದ್ದೇ. ಪೂರ್ತಿ ಕೆಟ್ಟದ್ದು ಮುಂದಿನ ತಿರುವಿನಲ್ಲೇ ಗೊತ್ತಾಗುತ್ತದೆ, ಗಾಡಿ ಪಕ್ಕಕ್ಕೆ ನಿಲ್ಲಿಸುತ್ತೇವೆ. ಅರ್ಧ ಕೆಟ್ಟದ್ದು ಬಯಲಿನ ರಸ್ತೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದು, ಬೆಟ್ಟದ ಇಳಿಜಾರಿನಲ್ಲಿ, ಮುಂದೆ ಯಾರದೋ ಕಾರು ಇದ್ದಾಗ ಹೊರಬೀಳುತ್ತದೆ.

ಹುಡುಕುವ ಮೊದಲು ಆ ಡ್ರಮ್ಮಿನೊಳಗೆ ಏನು ನಡೆಯುತ್ತದೆ ಎಂದು ತಿಳಿದಿರಬೇಕು. ಅದೊಂದು ಸೊಗಸಾದ ಉಪಾಯ. ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಊರಿನ ಆರ್ಥರ್ ಪ್ರಾಟ್ ವಾರ್ನರ್ ಎಂಬಾತ ಟ್ರೈಲರುಗಳಿಗೆ ವಿದ್ಯುತ್ ಬ್ರೇಕು ಮಾಡುವ ಕಂಪನಿಯನ್ನು 1920ರ ದಶಕದ ಕೊನೆಯಲ್ಲಿ ಶುರುಮಾಡಿದ. ಮೋಟಾರುಗಾಡಿಗಳ ಮೊದಲ ದಿನಗಳಲ್ಲೇ ಸಹೋದರನೊಂದಿಗೆ ಸೇರಿ ವೇಗಮಾಪಕ ತಯಾರಿಸಿದವನೂ, 1909ರಲ್ಲಿ ವಿಮಾನ ಹಾರಿಸಿದವನೂ ಇವನೇ. ವೇಗದ ಬಗ್ಗೆ ಅಷ್ಟು ತಲೆಕೆಡಿಸಿಕೊಂಡವನು ತಡೆಯುವುದರ ಬಗ್ಗೆಯೂ ಅಷ್ಟೇ ಯೋಚಿಸಿದ್ದು ನನಗೆ ಬಹಳ ಹಿಡಿಸುತ್ತದೆ. ಡ್ರಮ್ಮಿನ ಒಳಗೋಡೆಗೆ ತಾಗಿಕೊಂಡು, ಸನ್ನೆಗೋಲಿನ ತುದಿಯಲ್ಲಿ ಒಂದು ವಿದ್ಯುತ್ಕಾಂತ ಕೂತಿರುತ್ತದೆ. ಕರೆಂಟು ಬಂದೊಡನೆ ಅದು ತಿರುಗುತ್ತಿರುವ ಡ್ರಮ್ಮಿನ ಮುಖಕ್ಕೆ ಅಂಟಿಕೊಳ್ಳುತ್ತದೆ. ಡ್ರಮ್ಮು ತಿರುಗುವ ದಿಕ್ಕಿಗೇ ಅದನ್ನು ಎಳೆದೊಯ್ಯುತ್ತದೆ. ಸನ್ನೆಗೋಲು ವಾಲಿ ಬ್ರೇಕ್ ಶೂಗಳನ್ನು ಹೊರಕ್ಕೆ ಒತ್ತುತ್ತದೆ. ಅಂದರೆ ಒತ್ತುವ ಬಲ ಬರುವುದು ಉರುಳುವ ಚಕ್ರದಿಂದಲೇ. ಕರೆಂಟಿನ ಪಾಲು ಆರಂಭಿಸಿಕೊಡುವುದಷ್ಟೇ. ಅದಕ್ಕೇ ಒಂದೊಂದು ಚಕ್ರಕ್ಕೆ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಸಾಕಾಗುತ್ತದೆ.

ಹೀಗಾಗಿ ನಿಂತ ಟ್ರೈಲರಿನ ಬ್ರೇಕು ಹಿಡಿಯಿತೇ ಎಂದು ನೋಡಿ ತಿಳಿಯಲಾಗದು. ಕಿವಿಗೊಟ್ಟರೆ ಮಾತ್ರ ಸಣ್ಣಗೆ ಗುಂಯ್‌ಗುಡುವ ಸದ್ದು ಕೇಳುತ್ತದೆ. ಕಂಟ್ರೋಲರು ಕರೆಂಟನ್ನು ಸತತವಾಗಿ ಬಿಡದೆ ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸುತ್ತಿರುತ್ತದೆ. ಹೆಚ್ಚು ಹೊತ್ತು ಹಚ್ಚಿಟ್ಟರೆ ಹೆಚ್ಚು ಬ್ರೇಕು, ಕಡಿಮೆ ಹೊತ್ತು ಹಚ್ಚಿದರೆ ಕಡಿಮೆ. ಆ ಮಿಡಿತವೇ ಗುಂಯ್‌ಗುಡುವುದು.

ಕೇಳಿದವರಲ್ಲಿ ಹೆಚ್ಚಿನವರು ಹೇಳಿದ್ದು ಕಂಟ್ರೋಲರ್ ಬದಲಿಸಿ ಎಂದೇ. ಈ ಸಲಹೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಕಾರಣ ಗೊತ್ತಾಗುವ ಮೊದಲು ಭಾಗ ಬದಲಿಸಬಾರದು. ಕಣ್ಣಿಗೆ ಕಾಣುವುದು, ದೀಪ ಮಿನುಗಿಸುವುದು, ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವುದು ಕಂಟ್ರೋಲರ್ ಎಂಬ ಕಾರಣಕ್ಕೆ ಅನುಮಾನವೆಲ್ಲ ಅದರ ಮೇಲೆ ಬೀಳುತ್ತದೆ. ಕ್ಯಾಬಿನ್ನಿನೊಳಗೆ ಬೆಚ್ಚಗೆ ಕೂತ ಆ ಡಬ್ಬಿಗಿಂತ ಹೆಚ್ಚು ಪೆಟ್ಟು ತಿನ್ನುವುದು ಟ್ರೈಲರಿನ ಅಡಿಯಲ್ಲಿ ಮಳೆ, ಹಿಮ, ಕಲ್ಲು ಹೊಡೆಸಿಕೊಳ್ಳುವ ವೈರು ಮತ್ತು ಜಾಯಿಂಟುಗಳು.

ಮೊದಲು ಮಾಡಬೇಕಾದ್ದು ದಾರಿಯನ್ನು ನಡುವೆ ಕತ್ತರಿಸುವುದು. ಅದಕ್ಕೆ ಹೇಳಿ ಮಾಡಿಸಿದಂಥ ಜಾಗ ಏಳು ಪಿನ್ನಿನ ಪ್ಲಗ್. ಅದನ್ನು ಕಳಚಿದರೆ ಟ್ರಕ್ಕು ಬೇರೆ, ಟ್ರೈಲರು ಬೇರೆ. ದೋಷ ಯಾವ ಕಡೆಗಿದೆ ಎಂಬುದೊಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕಂಟ್ರೋಲರಿಗೆ ನಾಲ್ಕೇ ವೈರು. ಕಪ್ಪು ಬ್ಯಾಟರಿಯಿಂದ ಬರುತ್ತದೆ, ಬಿಳಿ ಅರ್ಥಿಂಗ್, ಕೆಂಪು ಬ್ರೇಕ್ ದೀಪದ ಸ್ವಿಚ್ಚಿನಿಂದ, ನೀಲಿ ಟ್ರೈಲರಿಗೆ. ಪೆಡಲ್ ಒತ್ತಿದ ಸುದ್ದಿಯನ್ನು ಡಬ್ಬಿಗೆ ತಲುಪಿಸುವುದು ಕೆಂಪು. ಡಬ್ಬಿಯ ಮೇಲೆ ಕೈಯಿಂದ ಒತ್ತುವ ಪುಟ್ಟ ಸನ್ನೆಗೋಲೂ, ಅಂದರೆ ಕೈಸನ್ನೆಯೂ ಇರುತ್ತದೆ. ಪೆಡಲ್ ಮುಟ್ಟದೆ ಟ್ರೈಲರಿನ ಬ್ರೇಕನ್ನಷ್ಟೇ ಹಿಡಿಸಲು. ಕೈಸನ್ನೆಗೆ ಬ್ರೇಕು ಹಿಡಿದು ಪೆಡಲಿಗೆ ಹಿಡಿಯದಿದ್ದರೆ ಕೆಂಪು ವೈರನ್ನೋ ಅದರ ಸ್ವಿಚ್ಚನ್ನೋ ನೋಡಬೇಕು. ಎರಡಕ್ಕೂ ಹಿಡಿಯದಿದ್ದರೆ ಕಪ್ಪು, ಬಿಳಿ, ನೀಲಿಯ ಕಡೆ ಹೋಗಬೇಕು. ಕೆಲವು ಟ್ರಕ್ಕುಗಳಲ್ಲಿ ಟ್ರೈಲರ್ ಬ್ರೇಕಿನ ಫ್ಯೂಸನ್ನು ಕೊಂಡವರೇ ಹಾಕಿಕೊಳ್ಳಲೆಂದು ಬಿಟ್ಟಿರುತ್ತಾರೆ. ಹೊಸ ಗಾಡಿಯಲ್ಲಿ ಏನೂ ನಡೆಯದಿದ್ದರೆ ಮೊದಲು ತೆರೆಯಬೇಕಾದ್ದು ಬಾನೆಟ್ಟಿನ ಕೆಳಗಿನ ಫ್ಯೂಸ್ ಪೆಟ್ಟಿಗೆ. ನಮ್ಮದರಲ್ಲಿ ಈ ಯಾವುದೂ ಇರಲಿಲ್ಲ. ಪ್ಲಗ್ಗಿನ ನೀಲಿ ಪಿನ್ನಿಗೆ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಸೇರಿಸಿ ಮಗಳಿಗೆ ಕೈಸನ್ನೆ ಒತ್ತಲು ಹೇಳಿದೆ. ಬಲ್ಬು ಪೂರ್ಣ ಪ್ರಕಾಶದಿಂದ ಉರಿಯಿತು. ಟ್ರಕ್ಕು ನಿರ್ದೋಷಿ.

ಮಲ್ಟಿಮೀಟರ್ ಇದ್ದೂ ಬಲ್ಬು ಯಾಕೆ ಎಂದರೆ, ಈ ಹುಡುಕಾಟದ ಜೀವಾಳವೇ ಅಲ್ಲಿದೆ. ಮಲ್ಟಿಮೀಟರಿನ ವೋಲ್ಟ್ ಅಳತೆ ವೈರಿನಿಂದ ಹೆಚ್ಚುಕಡಿಮೆ ಏನನ್ನೂ ಎಳೆದುಕೊಳ್ಳುವುದಿಲ್ಲ. ಹತ್ತು ಎಳೆಯ ತಾಮ್ರದಲ್ಲಿ ಒಂಬತ್ತು ಎಳೆ ತುಂಡಾಗಿ ಒಂದು ಉಳಿದಿದ್ದರೂ ಅದು 12 ವೋಲ್ಟ್ ಎಂದೇ ತೋರಿಸುತ್ತದೆ. ಕೇಳಿದ್ದಕ್ಕೆ ಸರಿಯಾದ ಉತ್ತರವೇ ಅದು. ಕೇಳಬೇಕಾದ ಪ್ರಶ್ನೆಯೇ ಬೇರೆ: ಕೆಲಸ ಮಾಡಬೇಕಾದಷ್ಟು ಕರೆಂಟು ಈ ದಾರಿಯಲ್ಲಿ ಹರಿಯಬಲ್ಲದೇ? ಬಲ್ಬೋ ಬ್ರೇಕಿನ ಕಾಂತವೋ ಸರಿಯಾಗಿ ಕರೆಂಟು ಎಳೆದಾಗ ಮಾತ್ರ ಅದು ತಿಳಿಯುತ್ತದೆ. ಲೋಡು ಹಾಕದೆ ಅಳೆದ ವೋಲ್ಟನ್ನು ನಂಬಿ ಎಷ್ಟೋ ಒಳ್ಳೆಯ ಕಂಟ್ರೋಲರುಗಳು ಕಸಕ್ಕೆ ಹೋಗಿರಬೇಕು.

ಓಮ್ ಅಳತೆಯಿಂದಲೂ ಇಲ್ಲಿ ಹೆಚ್ಚಿನ ನೆರವಿಲ್ಲ. ಹತ್ತು, ಹನ್ನೆರಡು ಇಂಚಿನ ಬ್ರೇಕುಗಳ ಒಂದು ಕಾಂತದ ರೋಧ ಸುಮಾರು 3.2 ಓಮ್. ನಾಲ್ಕೂ ಸಮಾಂತರವಾಗಿ ಜೋಡಿಸಿರುವುದರಿಂದ ಒಟ್ಟು 0.8 ಓಮ್ ಬರಬೇಕು. ಎರಡೇ ಇದ್ದರೆ 1.6. ಅಗ್ಗದ ಮೀಟರಿನ ಕಡ್ಡಿಗಳೇ ಅರ್ಧ ಓಮಿನಷ್ಟು ಸೇರಿಸಿಬಿಡುವಾಗ ಆ ವ್ಯತ್ಯಾಸವನ್ನು ನಂಬುವುದು ಕಷ್ಟ. ಪೂರ್ತಿ ತುಂಡಾಗಿದೆಯೇ, ಪೂರ್ತಿ ಶಾರ್ಟ್ ಆಗಿದೆಯೇ ಎಂದು ತಿಳಿಯಲು ಅದು ಸಾಕು. ನಮಗೆ ಬೇಕಾದದ್ದು ಆಂಪಿಯರ್. ಸಾಮಾನ್ಯ ಮಲ್ಟಿಮೀಟರ್ 10 ಆಂಪಿಯರ್‌ವರೆಗೆ ಮಾತ್ರ ತಡೆಯುತ್ತದೆ. ನಾಲ್ಕು ಕಾಂತ ಸೇರಿ ಎಳೆಯುವುದು ಅದಕ್ಕಿಂತ ಹೆಚ್ಚು. ಹಾಗಾಗಿ ವೈರನ್ನು ಕತ್ತರಿಸದೆ ಹೊರಗಿನಿಂದಲೇ ತಬ್ಬಿ ಅಳೆಯುವ, ಡಿಸಿ ಕರೆಂಟಿಗೂ ಒದಗುವ ಕ್ಲ್ಯಾಂಪ್ ಮೀಟರ್ ತಂದೆ. ಟ್ರೈಲರ್ ಇರುವವರೆಲ್ಲ ಹೊಸ ಕುರ್ಚಿ, ಛತ್ರಿ ಕೊಳ್ಳುವ ಮೊದಲು ಇದನ್ನು ಕೊಳ್ಳಲಿ ಎಂಬುದು ನನ್ನ ಆಸೆ.

ಪ್ಲಗ್ ಸೇರಿಸಿ, ಟ್ರಕ್ಕಿನ ಎಂಜಿನ್ ಹಚ್ಚಿ, ನೀಲಿ ವೈರಿಗೆ ಮೀಟರ್ ತೊಡಿಸಿದೆ. "ಒತ್ತು" ಎಂದೆ. ಮಗಳು ಕ್ಯಾಬಿನ್ನಿನಿಂದ "ಒತ್ತಿದೆ" ಎಂದಳು. ನಾಲ್ಕು ಚಕ್ರಕ್ಕೆ 12 ಆಂಪಿಯರ್ ಆದರೂ ಬರಬೇಕಿತ್ತು. ಮೀಟರಿನಲ್ಲಿದ್ದದ್ದು ಆರಕ್ಕಿಂತ ತುಸು ಹೆಚ್ಚು. ಎರಡು ಚಕ್ರ ದುಡಿಯುತ್ತಿವೆ, ಎರಡು ಸುಮ್ಮನಿವೆ. ಪರದೆ ಸುಳ್ಳು ಹೇಳಿರಲಿಲ್ಲ ಎಂಬುದೂ ಆಗಲೇ ಸ್ಪಷ್ಟವಾಯಿತು. ಎಲ್ಲೋ ಒಂದು ಕಾಂತದ ಮೂಲಕ ಸರ್ಕ್ಯೂಟು ಪೂರ್ತಿಯಾದರೆ ಕಂಟ್ರೋಲರಿಗೆ ಅದೇ ಸಂಪರ್ಕ. ಹಿಂದಿರುವುದು ಎಷ್ಟು ಚಕ್ರ, ಅದರಲ್ಲಿ ಎಷ್ಟು ಎಚ್ಚರವಾಗಿವೆ ಎಂದು ಎಣಿಸುವ ಕೆಲಸವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ.

ಯಾವ ಎರಡು? ಇದಕ್ಕೆ ದಿಕ್ಸೂಚಿ ಸಾಕು. 1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ವೈರಿನಲ್ಲಿ ಕರೆಂಟು ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ವಿದ್ಯುತ್ತಿಗೂ ಕಾಂತಕ್ಕೂ ನಂಟಿದೆ ಎಂದು ಲೋಕಕ್ಕೆ ತಿಳಿದದ್ದು ಅಲ್ಲಿಂದ. ಅದೇ ಪ್ರಯೋಗವನ್ನು ಮನೆಮುಂದಿನ ಡ್ರೈವ್‌ವೇಯಲ್ಲಿ ಮಾಡಬಹುದು. ಚಕ್ರದ ಒಳಮಗ್ಗುಲಿಗೆ ದಿಕ್ಸೂಚಿ ಹಿಡಿದರೆ ಅಲ್ಲಿನ ಕಬ್ಬಿಣವೇ ಮುಳ್ಳನ್ನು ಎತ್ತಲೋ ಎಳೆದಿರುತ್ತದೆ. ಅದು ಎತ್ತ ನಿಂತಿದೆ ಎಂಬುದು ಮುಖ್ಯವಲ್ಲ, ಕೈಸನ್ನೆ ಒತ್ತಿದ ಕ್ಷಣ ಅಲುಗುತ್ತದೆಯೇ ಎಂದು ನೋಡಬೇಕು. ಒತ್ತು, ಬಿಡು, ಒತ್ತು, ಬಿಡು ಎನ್ನುತ್ತ ಒಂದೊಂದೇ ಚಕ್ರದ ಬಳಿ ಮಂಡಿಯೂರಿದೆ. ಮುಂದಿನ ಆ್ಯಕ್ಸಲಿನ ಎರಡೂ ಕಡೆ ಮುಳ್ಳು ಚಂಗನೆ ಹೊರಳಿತು. ಹಿಂದಿನ ಆ್ಯಕ್ಸಲಿನ ಎರಡೂ ಕಡೆ ಕಂಡೂಕಾಣದಷ್ಟು ಕಂಪಿಸಿ ಸುಮ್ಮನಾಯಿತು. ಮಗಳು ಇಳಿದು ಬಂದು ತಾನೂ ನೋಡಬೇಕೆಂದಳು. ಜಾಗ ಬದಲಿಸಿಕೊಂಡು ನಾನು ಒತ್ತಿದೆ. ಪುಸ್ತಕದಲ್ಲಿ ಓದಿದ್ದು ತನ್ನ ಕೈಯಲ್ಲಿ ಅಲುಗಿದಾಗ ಅವಳ ಮುಖದಲ್ಲಿ ಮೂಡಿದ ಸಂತೋಷ ಇನ್ನೂ ನೆನಪಿದೆ.

ಒಂದೇ ಆ್ಯಕ್ಸಲಿನ ಎರಡೂ ಚಕ್ರ ಒಟ್ಟಿಗೆ ಸೋತರೆ ಕಾಂತಗಳನ್ನು ಅನುಮಾನಿಸಬೇಕಿಲ್ಲ, ಎರಡೂ ಒಂದೇ ಸಲ ಸವೆದುಹೋಗುವುದು ಅಪರೂಪ. ಅವೆರಡಕ್ಕೂ ಕರೆಂಟು ಹಂಚುವ ಜಾಗವನ್ನು ನೋಡಬೇಕು. ಬಹಳ ಟ್ರೈಲರುಗಳಲ್ಲಿ ವೈರು ಒಂದು ಬದಿಗೆ ಬಂದು, ಆ್ಯಕ್ಸಲ್ ಕೊಳವೆಯ ಒಳಗಿನಿಂದಲೇ ಇನ್ನೊಂದು ಬದಿಗೆ ಹೋಗುತ್ತದೆ. ಕಣ್ಣಿಗೆ ಕಾಣದ ಆ ಕೊಳವೆಯೊಳಗೆ ವೈರು ವರ್ಷಗಟ್ಟಲೆ ಉಜ್ಜಿ, ಹೊದಿಕೆ ಹರಿದು, ಕಬ್ಬಿಣಕ್ಕೆ ತಾಗಿ ಶಾರ್ಟ್ ಆಗುವುದು ಹೆಸರಾಂತ ರೋಗ. ಗುಂಡಿಯಲ್ಲಿ ಕುಲುಕಿದಾಗ ಮಾತ್ರ ಪರದೆ ಶಾರ್ಟ್ ಎಂದು ಕೂಗಿ ಮರುಕ್ಷಣ ಸುಮ್ಮನಾದರೆ ನಾನು ಮೊದಲು ನೋಡುವುದು ಅಲ್ಲೇ. ನಮ್ಮದು ಹಾಗಿರಲಿಲ್ಲ. ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಬೆನ್ನಮೇಲೆ ಮಲಗಿ ಒಳಗೆ ಸರಿದಾಗ ಚೌಕಟ್ಟಿನ ಅಂಚಿನಲ್ಲಿ, ಮುಖ್ಯ ವೈರಿನಿಂದ ಹಿಂದಿನ ಆ್ಯಕ್ಸಲಿಗೆ ಕವಲೊಡೆಯುವ ಪ್ಲಾಸ್ಟಿಕ್ ಜಾಯಿಂಟಿನ ಸುತ್ತ ಹಸಿರುಗಟ್ಟಿದ ಕಿಲುಬು ಕಂಡಿತು. ಕೊಲರಾಡೋದ ಹೆದ್ದಾರಿಗಳಿಗೆ ಚಳಿಗಾಲದಲ್ಲಿ ಹಿಮ ಗಟ್ಟಿಯಾಗದಂತೆ ಮೆಗ್ನೀಷಿಯಂ ಕ್ಲೋರೈಡ್ ದ್ರಾವಣ ಸಿಂಪಡಿಸುತ್ತಾರೆ. ರಸ್ತೆಯಲ್ಲಿ ಜೀವ ಉಳಿಸುವ ಆ ಉಪ್ಪೇ ಚಕ್ರದಿಂದ ಚಿಮ್ಮಿ ಇಂಥ ಸಂದುಗಳಲ್ಲಿ ಕೂತು ತಾಮ್ರವನ್ನು ತಿನ್ನುತ್ತದೆ.

ಕಿಲುಬು ಕಂಡದ್ದಕ್ಕೇ ತೀರ್ಪು ಕೊಡದೆ ಅಲ್ಲೂ ಅಳೆದೆ. ಹಿಂದಿನ ಕಾಂತಗಳನ್ನು ಕಳಚಿಟ್ಟು ಆ ಜಾಯಿಂಟಿನಾಚೆ ವೋಲ್ಟ್ ನೋಡಿದರೆ ಹನ್ನೆರಡರ ಮೇಲೆ. ಕಾಂತಗಳನ್ನು ಮತ್ತೆ ಸೇರಿಸಿ ಒತ್ತಿಸಿದರೆ ಅದೇ ಜಾಗದಲ್ಲಿ ಹೆಸರಿಗಷ್ಟೇ. ಜಾಯಿಂಟಿನ ಈಚೆಗೆ ಮಾತ್ರ ಇಳಿಕೆಯೇ ಇಲ್ಲ. ಉಳಿದ ವೋಲ್ಟೆಲ್ಲ ಕಿಲುಬಿನಲ್ಲೇ ಕರಗುತ್ತಿದ್ದವು. ಹೀಗೆ ಎರಡು ಅಳತೆಗಳ ನಡುವೆ ದೋಷವನ್ನು ಹಿಡಿದು ನಿಲ್ಲಿಸಿದಾಗ ಸಿಗುವ ನಿಶ್ಚಯಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಊಹೆಯೂ ಇಲ್ಲ, ಅದೃಷ್ಟವೂ ಇಲ್ಲ. ಇಲ್ಲಿಯವರೆಗೆ ಇದೆ, ಇಲ್ಲಿಂದಾಚೆ ಇಲ್ಲ.

ರಿಪೇರಿ ಸುಲಭ. ಹಸಿರು ಹೋಗಿ ತಾಮ್ರದ ಸ್ವಂತ ಬಣ್ಣ ಬರುವವರೆಗೆ ವೈರನ್ನು ಹಿಂದಕ್ಕೆ ಕತ್ತರಿಸುತ್ತ ಹೋಗಿ, ಹನ್ನೆರಡು ಗೇಜಿನ ಹೊಸ ತುಂಡು ಸೇರಿಸಿ, ಒಳಗೆ ಅಂಟು ಇರುವ ಶ್ರಿಂಕ್ ಟ್ಯೂಬಿನಿಂದ ನೀರು ನುಗ್ಗದಂತೆ ಮುಚ್ಚಿದೆವು. ಬಿಳಿ ವೈರಿನ ಜಾಯಿಂಟನ್ನೂ ಹಾಗೆಯೇ ಹೊಸದು ಮಾಡಿದೆವು. ಹೋದ ಕರೆಂಟು ಮರಳಿ ಬರುವುದು ಬಿಳಿಯ ದಾರಿಯಲ್ಲೇ. ಎಲ್ಲರ ಕಣ್ಣು ನೀಲಿಯ ಮೇಲಿರುವಾಗ ಅರ್ಥಿಂಗ್ ಕೆಟ್ಟು ಕಾಡಿಸುವುದು ಅಷ್ಟೇ ಸಾಮಾನ್ಯ. ಆಮೇಲೆ ಮೀಟರ್ ತೊಡಿಸಿ ಒತ್ತಿಸಿದಾಗ 12ಕ್ಕಿಂತ ಸ್ವಲ್ಪ ಮೇಲೆ ನಿಂತಿತು.

ಕಂಟ್ರೋಲರಿನಲ್ಲಿ ಬ್ರೇಕಿನ ಬಲವನ್ನು, ಅಂದರೆ ಗೇನನ್ನು, ಹೊಸದಾಗಿ ಹೊಂದಿಸುವ ಕೆಲಸ ಉಳಿದಿತ್ತು. ದುಡಿಯುವ ಚಕ್ರ ಎರಡರಿಂದ ನಾಲ್ಕಾದರೆ ಹಳೆಯ ಗೇನ್ ಈಗ ಹೆಚ್ಚಾಗುತ್ತದೆ. ಖಾಲಿಯಾದ, ಒಣಗಿದ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20ರಿಂದ 25 ಮೈಲಿ ವೇಗದಲ್ಲಿ ಹೋಗುತ್ತ ಕೈಸನ್ನೆಯನ್ನಷ್ಟೇ ಒತ್ತಿ, ಟ್ರೈಲರ್ ಚಕ್ರಗಳು ಬಿಗಿದು ಜಾರುವ ಹಂತದವರೆಗೆ ಗೇನ್ ಏರಿಸಿ, ಅಲ್ಲಿಂದ ತುಸು ಇಳಿಸಬೇಕು. ಸವೆದ ಶೂಗಳನ್ನು ಡ್ರಮ್ಮಿಗೆ ಹತ್ತಿರ ಮಾಡುವ ಹೊಂದಾಣಿಕೆ ಬೇರೆ. ಅದನ್ನು ಪ್ರತಿ 3,000 ಮೈಲಿಗೊಮ್ಮೆ ಮಾಡಬೇಕೆಂದು ತಯಾರಕರೇ ಹೇಳುತ್ತಾರೆ. ಶೂಗಳು ದೂರ ಸರಿದಿದ್ದರೆ ಕರೆಂಟು ಎಷ್ಟೇ ಸರಿಯಿದ್ದರೂ ಬ್ರೇಕು ಸೋಲುತ್ತದೆ. ವಿದ್ಯುತ್ತಿನ ಹಿಂದೆಯೇ ಅಲೆಯುವವರು ಇದನ್ನು ಮರೆಯಬಾರದು.

ಇಷ್ಟು ಹಟ ಹಿಡಿದು ಹುಡುಕುವುದೇಕೆ ಎಂದು ಗೆಳೆಯರು ಕೇಳಿದ್ದುಂಟು. ನಾನು ಬೆಳೆದದ್ದು ಮಂಡ್ಯದ ಕಡೆ. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳನ್ನು ನೋಡುತ್ತಲೇ ದೊಡ್ಡವರಾದೆವು. ಎರಡೆರಡು ಟ್ರೈಲರು, ಅವುಗಳಿಗೆ ಬ್ರೇಕೆಂಬುದೇ ಇರುತ್ತಿರಲಿಲ್ಲ. ಇಳುಕಲಿನಲ್ಲಿ ಹಿಂದಿನ ಭಾರವನ್ನೆಲ್ಲ ಮುಂದಿನ ಟ್ರ್ಯಾಕ್ಟರೇ ತಡೆಯಬೇಕು. ಏರಿನಲ್ಲಿ ಎಂಜಿನ್ ಸೋತು ನಿಂತರೆ ಜತೆಗಿದ್ದ ಹುಡುಗ ಕಲ್ಲು ಹಿಡಿದು ಹಾರಿ ಚಕ್ರಕ್ಕೆ ಕೊಡುತ್ತಿದ್ದ. ಆ ಕಲ್ಲು ಕೊಡುವ ಕೆಲಸ ಎಷ್ಟು ಅಪಾಯದ್ದು ಎಂದು ಊರಿನ ಎಲ್ಲರಿಗೂ ಗೊತ್ತಿತ್ತು, ಆದರೂ ನಡೆಯುತ್ತಿತ್ತು. ಇಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ 3,000 ಪೌಂಡಿನ ಮೇಲಿನ ಟ್ರೈಲರಿಗೆ ಸ್ವಂತ ಬ್ರೇಕು ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ನಮ್ಮದರಂಥ ಟ್ರೈಲರ್ ಮನೆಗಾದರೆ 1,500 ಪೌಂಡಿಗೇ ಕಾನೂನು ಅನ್ವಯವಾಗುತ್ತದೆ. ಕಾನೂನು ಬ್ರೇಕು ಇರಬೇಕೆಂದು ಹೇಳಬಲ್ಲದು. ಅದು ನಾಲ್ಕೂ ಚಕ್ರದಲ್ಲಿ ಹಿಡಿಯುತ್ತಿದೆಯೇ ಎಂದು ನಮ್ಮ ಅಂಗಳಕ್ಕೆ ಬಂದು ನೋಡುವುದಿಲ್ಲ. ಸುರಂಗ ದಾಟಿದ ಇಳಿಜಾರಿನಲ್ಲಿ ನಮ್ಮ ಮುಂದಿರುವ ಕಾರಿನವರಿಗೆ ನಾವು ಯಾರೆಂದೇ ಗೊತ್ತಿಲ್ಲ. ಅವರು ನಮ್ಮ ಆ ಜಾಯಿಂಟನ್ನು ನಂಬಿಕೊಂಡು ಹೋಗುತ್ತಿರುತ್ತಾರೆ.

ಹೊರಡುವ ಮುನ್ನ ನೋಡಬೇಕಾದ್ದು ಇನ್ನೊಂದಿದೆ. ಟ್ರೈಲರು ಕೊಂಡಿ ಕಳಚಿ ಟ್ರಕ್ಕಿನಿಂದ ಬೇರೆಯಾದರೆ ಕಂಟ್ರೋಲರೂ ಇಲ್ಲ, ನೀಲಿ ವೈರೂ ಇಲ್ಲ. ಆಗ ಕೆಲಸಕ್ಕೆ ಬರುವುದು ಮುಂಭಾಗದ ಚೌಕಟ್ಟಿನಲ್ಲಿರುವ ಬ್ರೇಕ್‌ಅವೇ ಸ್ವಿಚ್ಚು. ಟ್ರಕ್ಕಿಗೆ ಕಟ್ಟಿದ ಸಣ್ಣ ಕೇಬಲ್ ಅದರ ಪಿನ್ನನ್ನು ಕಿತ್ತೊಡನೆ ಟ್ರೈಲರಿನ ಸ್ವಂತ ಬ್ಯಾಟರಿ ನಾಲ್ಕೂ ಕಾಂತಗಳಿಗೆ ನೇರ ಕರೆಂಟು ಕೊಡುತ್ತದೆ. ವಾಣಿಜ್ಯ ವಾಹನಗಳಿಗಾದರೆ ಆ ಹಿಡಿತ ಕನಿಷ್ಠ 15 ನಿಮಿಷ ಉಳಿಯಬೇಕೆಂದು ಅಮೆರಿಕದ ಕೇಂದ್ರ ಸರ್ಕಾರದ ನಿಯಮವೇ ಇದೆ. ಪರೀಕ್ಷಿಸುವಾಗ ಏಳು ಪಿನ್ನಿನ ಪ್ಲಗ್ ಮೊದಲೇ ಕಳಚಿರಬೇಕು, ಇಲ್ಲದಿದ್ದರೆ ಬ್ಯಾಟರಿಯ ಕರೆಂಟು ಹಿಮ್ಮುಖವಾಗಿ ನುಗ್ಗಿ ಕಂಟ್ರೋಲರನ್ನೇ ಸುಡಬಹುದು. ಪ್ಲಗ್ ಕಳಚಿ, ಪಿನ್ ಕಿತ್ತು, ಟ್ರಕ್ಕನ್ನು ನಿಧಾನವಾಗಿ ಒಂದೆರಡು ಅಡಿ ಮುಂದಕ್ಕೆ ಬಿಡಬೇಕು. ಹಿಂದೆ ನಿಂತು ನೋಡುವವರಿಗೆ ನಾಲ್ಕೂ ಚಕ್ರ ಉರುಳದೆ ತಡೆಯುವುದು ಕಾಣಬೇಕು. ಕಂಡರೆ ಪಿನ್ ಮರಳಿ ಸೇರಿಸಿ, ಪ್ಲಗ್ ಹಾಕಿ, ಹೊರಡಬಹುದು.